ಮೇಷ್ಟ್ರ ಗಂಟಲಲ್ಲಿ ಒಂದು ಸೆಮಿಸ್ಟರ್

ಮೊದಲು ನನ್ನ ಮೇಷ್ಟ್ರ ಬಗ್ಗೆ ಹೇಳಬೇಕು, ಯಾಕಂದರೆ ಹೋದ ಸೆಮಿಸ್ಟರ್ ಪೂರ್ತಿ ನಾನು ವಾಸ ಇದ್ದದ್ದು ಅವರ ಗಂಟಲಲ್ಲಿ.

ಅವರು ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡ ವಿಭಾಗದ ಮುಖ್ಯಸ್ಥರು. ನನಗೆ ಕಲಿಸಿದವರೂ ಅವರೇ, ಆಮೇಲೆ ಅಲ್ಲೇ ಅತಿಥಿ ಉಪನ್ಯಾಸಕನಾಗಿ ಸೇರಿಸಿಕೊಂಡವರೂ ಅವರೇ. ಅತಿಥಿ ಅಂದರೆ ಊಟ ಹಾಕಿ ಕಳಿಸಬೇಕು ಅಂತ ಶಾಸ್ತ್ರ. ನಮ್ಮಲ್ಲಿ ಊಟದ ಏರ್ಪಾಡಿಲ್ಲ, ಕಳಿಸುವುದು ಮಾತ್ರ ಪ್ರತಿ ವರ್ಷ ತಪ್ಪದೆ ನಡೆಯುತ್ತದೆ. ಮತ್ತೆ ಕರೆಯುವವರ ಪಟ್ಟಿ ಮೇಷ್ಟ್ರ ಕೈಯಲ್ಲಿ ತಯಾರಾಗುತ್ತದೆ.

ಮೇಷ್ಟ್ರು ಪಾಠ ಮಾಡುವುದಿಲ್ಲ, ಬರೆಸುತ್ತಾರೆ. ಒಳಗೆ ಬಂದು, ಕನ್ನಡಕ ಒರೆಸಿ, ಕಿಟಕಿ ಕಡೆ ಮುಖ ಮಾಡಿ ನಿಂತರೆಂದರೆ ಮುಗಿಯಿತು. "ಸಾಹಿತ್ಯವು ಸಮಾಜದ ಕನ್ನಡಿ, ಕಾಮಾ, ಅಧಿಕಾರದ ಸ್ವರೂಪವನ್ನು ಅರಿಯಲು, ಕಾಮಾ, ತತ್ವಶಾಸ್ತ್ರದ ನೆರವು ಅಗತ್ಯ, ಫುಲ್‌ಸ್ಟಾಪ್. ಅಡಿಗೆರೆ ಹಾಕ್ರಿ." ದನಿ ಎದೆಯಿಂದ ಹೊರಟು ಮೂಗಿನಲ್ಲಿ ಸ್ವಲ್ಪ ಹೊತ್ತು ಕೂತು, ವಿಶ್ರಾಂತಿ ತಗೊಂಡು ಹೊರಗೆ ಬರುತ್ತದೆ. ಅವರ ಕ್ಲಾಸಿನಲ್ಲಿ ಯೋಚನೆ ಮಾಡುವವರು ಇಲ್ಲ, ಯೋಚನೆ ಮಾಡಿದರೆ ಒಂದು ಸಾಲು ತಪ್ಪಿ ಹೋಗುತ್ತದೆ.

ಎಷ್ಟು ಶ್ರದ್ಧೆಯಿಂದ ಬರೆದುಕೊಳ್ಳುತ್ತೇವೆ ಅಂದರೆ, ನಮ್ಮ ಅಕ್ಕ ನನಗಿಂತ ಎಷ್ಟೋ ವರ್ಷ ಮೊದಲು ಅದೇ ಕಾಲೇಜಿನಲ್ಲಿ ಓದಿದವಳು, ಅವಳ ನೋಟ್ಸಿನಲ್ಲಿ ಸ್ವಾತಂತ್ರ್ಯದ ವ್ಯಾಖ್ಯಾನ ಹೀಗಿದೆ: "ಸ್ವಾತಂತ್ರ್ಯವೆಂದರೆ ನಿರ್ಬಂಧವಿಲ್ಲದ ಸ್ಥಿತಿ ಮಾತ್ರವಲ್ಲ, ಫ್ಯಾನ್ ಸ್ವಲ್ಪ ಕಡಿಮೆ ಮಾಡ್ರಿ, ಅದು ಆತ್ಮದ ಆಯ್ಕೆ." ಯಾವುದೋ ಸೆಖೆಗಾಲದಲ್ಲಿ ಮೇಷ್ಟ್ರ ಹಾಳೆ ಹಾರಿರಬೇಕು, ಫ್ಯಾನ್ ಕಡಿಮೆ ಮಾಡಿ ಅಂದಿರಬೇಕು, ಯಾರೋ ಭಕ್ತರು ಅದನ್ನೂ ಬರೆದುಕೊಂಡರು. ಆ ನೋಟ್ಸು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋಯಿತು. ಅಲ್ಲಿಂದ ಪ್ರತಿ ವರ್ಷ ಪರೀಕ್ಷೆಗೆ ಬರುತ್ತಿದೆ. ಉತ್ತರ ಪತ್ರಿಕೆ ತಿದ್ದುವವರೂ ಅದೇ ನೋಟ್ಸು ಓದಿ ಮೇಲೆ ಬಂದವರು, ರೈಟ್ ಹಾಕುತ್ತಾರೆ. ನಾನು ನಗಾಡುತ್ತೇನೆ, ಆದರೆ ನಾನೂ ಫ್ಯಾನ್ ಬರೆದಿದ್ದೆ. ಇಪ್ಪತ್ತಕ್ಕೆ ಹದಿನಾರು ಬಂದಿತ್ತು.

ನನಗೆ ಮಿಮಿಕ್ರಿ ಹುಟ್ಟುತ್ತಲೇ ಬಂದಿದ್ದು. ಹರಿಹರದಲ್ಲಿ ನಮ್ಮ ಅಬ್ಬಾಗೆ ಒಂದು ಸಣ್ಣ ಲೇತ್ ಅಂಗಡಿ ಐತೆ. ಅಲ್ಲಿಗೆ ಬರುವ ಗಿರಾಕಿಗಳ ದನಿಯನ್ನೆಲ್ಲ ನಾನು ಊಟಕ್ಕೆ ಕೂತಾಗ ತೆಗೆಯುತ್ತಿದ್ದೆ. ಮೌಲಾನಾರ ಕೆಮ್ಮು, ಬಸ್ ಕಂಡಕ್ಟರನ ಕೀರಲು, ಕೌನ್ಸಿಲರ್ ಸಾಹೇಬರ "ನೋಡೋಣ ಮಾಡೋಣ". ನಮ್ಮ ಬಳಗದವರು ಮದುವೆಗಳಲ್ಲಿ ನನ್ನನ್ನು ಹಿಡಿದು, "ಕನ್ನಡ ಪಂಡಿತ್ರು ಬಂದ್ರು, ಒಂದು ಐಟಂ ಆಗ್ಲಿ ಜೀ" ಅನ್ನುವರು. ಮೇಷ್ಟ್ರ ದನಿ ನನ್ನ ಅತ್ಯಂತ ಬೇಡಿಕೆಯ ಐಟಂ. ಬೆಳಗಿನ ಬಸ್ಸಿನಲ್ಲಿ ಹರಿಹರ ದಾಟುವಷ್ಟರಲ್ಲಿ ಕಾಲೇಜು ಹುಡುಗರು ಎರಡು ಸಲ ಮಾಡಿಸುತ್ತಿದ್ದರು.

ಹೀಗಿರುವಾಗ ಮೇಷ್ಟ್ರ ಗಂಟಲಲ್ಲಿ ಗಂಟಾಯಿತು. ಆಪರೇಷನ್ ಆಯಿತು. ಮೂರು ತಿಂಗಳು ಒಂದು ಮಾತೂ ಆಡಕೂಡದು ಅಂದರು ಡಾಕ್ಟರು.

ನನಗೆ ಮನೆಗೆ ಬರಲು ಹೇಳಿ ಕಳಿಸಿದರು. ಆವರಗೆರೆ ಕಡೆ ಹೊಸ ಬಡಾವಣೆಯಲ್ಲಿ ಮನೆ. ಮೇಷ್ಟ್ರು ಮಕ್ಕಳು ಬರೆಯುವ ಸ್ಲೇಟು ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಬರೆದರು: "ನೀನು ನನ್ನ ಮಿಮಿಕ್ರಿ ಮಾಡುವುದು ಗೊತ್ತು."

ಒರೆಸಿ ಮತ್ತೆ ಬರೆದರು: "ಮಾಡು."

"ಸಾರ್, ಅದು ಹುಡುಗ್ರು ಸುಮ್ನೆ..."

ಸ್ಲೇಟಿನ ಮೇಲೆ ಬೆರಳು ಬಡಿದರು. ಮಾಡು.

ಮಾಡಿದೆ. ಸಾಹಿತ್ಯವು ಸಮಾಜದ ಕನ್ನಡಿ, ಕಾಮಾ. ಮೇಷ್ಟ್ರು ಕಣ್ಣು ಮುಚ್ಚಿದರು. ಎರಡನೇ ಸಾಲಿಗೆ ಅಡುಗೆ ಮನೆಯಿಂದ ಅವರ ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದರು. "ಮಾತಾಡಬ್ಯಾಡ್ರಿ ಅಂತ ಡಾಕ್ಟ್ರು ಬಡ್ಕೊಂಡಿಲ್ಲೇನ್ರಿ? ಒಂದು ವಾರ ಬಾಯಿ ಮುಚ್ಕೊಂಡಿರಾಕ ಆಗಲ್ವಾ ನಿಮಗೆ?" ಆಮೇಲೆ ಬಾಯಿ ತೆರೆದಿದ್ದು ನಾನು ಅಂತ ಕಂಡು, ಸೌಟು ಇಳಿಸಿ, "ಅಯ್ಯ, ನೀನೇನಪ್ಪಾ" ಅಂದು ನಿಂತರು. ಇನ್ನೊಂದು ನಾಲ್ಕು ಸಾಲು ಕೇಳಿಸಿಕೊಂಡು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಒಳಗೆ ಹೋದರು. ವಾರದಿಂದ ಆ ಮನೆಯಲ್ಲಿ ಆ ದನಿ ಇರಲಿಲ್ಲ.

ಮೇಷ್ಟ್ರು ಬರೆದರು: "ನನ್ನ ಪೇಪರ್ ನೀನು ತಗೋ. ನನ್ನ ನೋಟ್ಸ್. ಒಂದಕ್ಷರ ಆಚೀಚೆ ಬೇಡ." ಅದರ ಕೆಳಗೆ, ಸ್ವಲ್ಪ ಸಣ್ಣಕ್ಕೆ: "ಮುಂದಿನ ವರ್ಷದ ಪಟ್ಟಿ ನಾನೇ ಮಾಡುವುದು."

ಪೇಪರಿನ ಹೆಸರು "ಸಾಹಿತ್ಯ, ತತ್ವಶಾಸ್ತ್ರ ಮತ್ತು ಸಮಾಜ". ಅಧಿಕಾರ ಎಂದರೇನು, ಸ್ವಾತಂತ್ರ್ಯ ಎಂದರೇನು ಅನ್ನುವುದನ್ನು ಒಂದಕ್ಷರ ಆಚೀಚೆ ಆಗದಂತೆ ಕಲಿಸಬೇಕಾಗಿತ್ತು.

ಮೊದಲ ದಿನ ನಾನೊಂದು ಸಾಹಸ ಮಾಡಿದೆ. ನೋಟ್ಸು ಮೇಜಿನ ಮೇಲೆ ಬೋರಲು ಹಾಕಿ, ನನ್ನದೇ ದನಿಯಲ್ಲಿ ಮಾತಾಡಲು ಶುರು ಮಾಡಿದೆ. ಸಾಹಿತ್ಯ ಕನ್ನಡಿ ಅಂತಾರಲ್ಲ, ನಮ್ಮ ಮನೆಯಲ್ಲಿ ಇರುವುದೇ ಒಂದು ಕನ್ನಡಿ, ಅಬ್ಬಾ ಗಡ್ಡ ಟ್ರಿಮ್ ಮಾಡಿಕೊಳ್ಳುವ ಎತ್ತರಕ್ಕೆ ಮೊಳೆ ಹೊಡೆದಿದ್ದಾರೆ, ಅಮ್ಮಿಗೆ ಅದರಲ್ಲಿ ಬೈತಲೆ ಮಾತ್ರ ಕಾಣುತ್ತದೆ ಅಂದೆ. ಮೊಳೆ ಹೊಡೆದವರು ಯಾರು ಅಂತ ಕೇಳದೆ ಕನ್ನಡಿ ಬಗ್ಗೆ ಮಾತಾಡಬಾರದು ಅಂದೆ. ಮಿಮಿಕ್ರಿ ಮಾಡುವವನಿಗೆ ಗೊತ್ತಿರುವ ಇನ್ನೊಂದು ವಿಷಯ ಹೇಳಿದೆ. ದೊಡ್ಡವರ ದನಿ ತೆಗೆಯುವುದು ಸಲೀಸು. ಅವರದು ಆಳಿನ ಹತ್ತಿರವೂ ಅದೇ ದನಿ, ಅಳಿಯನ ಹತ್ತಿರವೂ ಅದೇ ದನಿ. ನಮ್ಮ ಅಮ್ಮಿ ದನಿ ನನಗೆ ಇವತ್ತಿಗೂ ಬರಲ್ಲ. ಮನೆ ಓನರ್ ಎದುರಿಗೆ ಒಂದು, ಅಬ್ಬಾ ಎದುರಿಗೆ ಒಂದು, ಆಸ್ಪತ್ರೆ ಚೀಟಿ ಕಿಟಕಿಯಲ್ಲಿ ಇನ್ನೊಂದು. ಯಾವುದನ್ನು ಹಿಡಿಯುವುದು?

ತಲೆ ಎತ್ತಿ ನೋಡಿದರೆ ಪೆನ್ನುಗಳು ಗಾಳಿಯಲ್ಲಿ ನಿಂತಿದ್ದವು. ಮುಂದಿನ ಬೆಂಚಿನವನೊಬ್ಬ ಬಹಳ ಮರ್ಯಾದೆಯಿಂದ ಕೇಳಿದ, "ಸಾರ್, ಇದು ಪರೀಕ್ಷೆಗೆ ಬರ್ತೈತೇನ್ರಿ?"

"ಇಲ್ಲ."

"ಹಂಗಾರೆ ಪಾಠ ಯಾವಾಗ ಶುರು ಆಗ್ತೈತ್ರಿ?"

ನಗು ಎದ್ದಿತು. ವರಾಂಡದಲ್ಲಿ ಪ್ರಿನ್ಸಿಪಾಲರ ಬೂಟಿನ ಸದ್ದು ಕೇಳಿಸಿತು. ನಾನು ನೋಟ್ಸು ಎತ್ತಿಕೊಂಡು ಕಿಟಕಿ ಕಡೆ ತಿರುಗಿದೆ. ಎದೆಯಿಂದ ದನಿ ಹೊರಡಿಸಿ ಮೂಗಿನಲ್ಲಿ ಕೂರಿಸಿದೆ. "ಅಧಿಕಾರವು ಸಮಾಜದ ಪ್ರತಿಯೊಂದು ಸ್ತರದಲ್ಲೂ, ಕಾಮಾ..."

ಅರವತ್ತು ಪೆನ್ನು ಒಟ್ಟಿಗೆ ಬಾಗಿದವು. ಒಂದು ಗದ್ದೆ ಭತ್ತ ಗಾಳಿಗೆ ಬಾಗಿದ ಹಾಗೆ. ಸುಳ್ಳು ಹೇಳುವುದಿಲ್ಲ, ಬೆನ್ನುಹುರಿಯಲ್ಲಿ ಜುಂ ಅಂತು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತವರು ತಮಗೇ ಗೊತ್ತಿಲ್ಲದೆ ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡರು. ಆಮೇಲೆ ಸ್ಟಾಫ್ ರೂಮಿನಲ್ಲಿ ಬೆನ್ನು ತಟ್ಟಿದರು. "ಮೇಷ್ಟ್ರು ರಜಾ ಹಾಕ್ಯಾರೆ ಅಂತ ಅನ್ಸೋದೇ ಇಲ್ಲ ನೋಡ್ರಿ. ಹಿಂಗೇ ನಡೀಲಿ."

ಹಿಂಗೇ ನಡೀತು. ಆ ದನಿಯೊಳಗೆ ಹೋಗುವ ಬಾಗಿಲು ಗೊತ್ತಿತ್ತು, ಹೊರಗೆ ಬರುವ ಬಾಗಿಲು ಸಿಗಲಿಲ್ಲ. ನನ್ನ ದನಿಯಲ್ಲಿ "ಕೂಡ್ರಿ" ಅಂದರೆ ಯಾರೂ ಕೂಡುತ್ತಿರಲಿಲ್ಲ, ಅವರ ದನಿಯಲ್ಲಿ ಕೆಮ್ಮಿದರೆ ಸಾಕು, ಕೂಡುತ್ತಿದ್ದರು. ಹದಿನೈದು ದಿನದಲ್ಲಿ ಹಾಜರಿ ಕರೆಯುವುದೂ ಅದರಲ್ಲೇ ಆಯಿತು. ತಿಂಗಳಾಗುವಷ್ಟರಲ್ಲಿ ಕ್ಯಾಂಟೀನಿನಲ್ಲಿ ಮಂಡಕ್ಕಿ ಕೇಳುವುದೂ ಅದರಲ್ಲೇ. ಒಂದು ದಿನ ಮನೆಯಲ್ಲಿ ಊಟಕ್ಕೆ ಕೂತು, "ಸಾರು ಹಾಕ್ರಿ, ಕಾಮಾ, ಉಪ್ಪು ಕಡಿಮೆ ಐತೆ" ಅಂದುಬಿಟ್ಟೆ. ಅಮ್ಮಿ ಸಾರಿನ ಪಾತ್ರೆ ಕೆಳಗಿಟ್ಟಳು. "ಯಾ ಅಲ್ಲಾ, ಯಾವುದೋ ಮುದುಕ ನನ್ನ ಮಗನ ಒಳಗೆ ಬಾಡಿಗೆಗೆ ಬಂದಾನೆ" ಅಂದಳು.

"ಕಾಲೇಜ್‌ನಾಗ ಎಲ್ಲಾರೂ ಹೊಗಳ್ತಾರೆ ಅಮ್ಮಿ. ಥೇಟ್ ಅವರಂಗೇ ಅಂತ."

ಅಬ್ಬಾ ಕೈ ತೊಳೆದು ಬಂದು ಕೂತರು. ಲೇತ್ ಮನುಷ್ಯ, ಮಾತು ಅಳೆದೇ ಆಡುವುದು. "ಒಂದು ಸ್ಯಾಂಪಲ್ ಬುಶ್ ಮುಂದಿಟ್ಕೊಂಡು ಲೇತ್‌ನಾಗ ಅಂಥವೇ ನೂರು ತಿರುವಬಹುದು. ನೂರನೇದನ್ನ ಸ್ಯಾಂಪಲ್ ಮಾಡ್ಕೊಂಡು ನೂರೊಂದನೇದು ತಿರುವಬಾರ್ದು. ಅಳತೆ ಓಡಿ ಹೋಗ್ತೈತೆ."

"ಅಂದ್ರೆ?"

"ಅಂದ್ರೆ ಏನಿಲ್ಲ. ರೊಟ್ಟಿ ತಿನ್ನು."

ಮರುದಿನ ಸಂಜೆ ಹರಿಹರದಲ್ಲಿ ಬಸ್ ಇಳಿದು, ತುಂಗಭದ್ರಾ ಸೇತುವೆ ಹತ್ತಿರ ಹೋಗಿ, ನದಿಯ ಕಡೆ ಮುಖ ಮಾಡಿ, ಮೊಬೈಲಿನಲ್ಲಿ ನನ್ನ ದನಿ ರೆಕಾರ್ಡ್ ಮಾಡಿ ಕೇಳಿದೆ. "ನಾನು ಮಾತಾಡ್ತಿದೀನಿ" ಅಂತ ಮಾತ್ರ ಅಂದಿದ್ದೆ. ಶುರುವಿನ ಉಸಿರು ಅಬ್ಬಾದು, ನಡುವೆ ಮೌಲಾನಾರ ಕೆಮ್ಮು, ಕೊನೆಯ ಇಳಿತ ಮೇಷ್ಟ್ರದು. ನನ್ನದು ಅಂತ ಇದ್ದದ್ದು ಹಿಂದೆ ಹಾಯ್ದು ಹೋದ ಲಾರಿಯ ಹಾರ್ನ್ ಒಂದೇ, ಅದೂ ಬೇರೆಯವರದು.

ಆಮೇಲೆ ಇಂಟರ್ನಲ್ ಟೆಸ್ಟ್ ಬಂತು. ಪ್ರಶ್ನೆ ಮಾಮೂಲು: ಸಾಹಿತ್ಯದಲ್ಲಿ ಅಧಿಕಾರ ಮತ್ತು ಸ್ವಾತಂತ್ರ್ಯದ ಪ್ರತಿಫಲನವನ್ನು ವಿಶ್ಲೇಷಿಸಿ. ಐವತ್ತೊಂಬತ್ತು ಉತ್ತರಗಳಲ್ಲಿ ಫ್ಯಾನ್ ತಿರುಗುತ್ತಿತ್ತು. ಅರವತ್ತನೆಯದು ಎರಡನೇ ಬೆಂಚಿನಲ್ಲಿ ಕೂರುವ ಒಬ್ಬ ಹುಡುಗಿಯದು. ಕುಕ್ಕುವಾಡದಿಂದ ಬರುವವಳು, ದಿನಾ ಬಸ್ಸು ತಡ ಅಂತ ಬಾಗಿಲಲ್ಲಿ ನಿಂತು, ನಾನು ಮೇಷ್ಟ್ರ ದನಿಯಲ್ಲಿ "ಹೂಂ" ಅನ್ನುವವರೆಗೆ ಕಾಯುವವಳು. ಅವಳು ಬರೆದಿದ್ದಳು:

"ಸ್ವಾತಂತ್ರ್ಯ ಅಂದರೆ ಎಲ್ಲರ ಮುಂದೆ ಒಂದೇ ದನಿಯಲ್ಲಿ ಮಾತಾಡಲು ಆಗುವುದು. ನಮ್ಮವ್ವನಿಗೆ ನಾಲ್ಕು ದನಿ ಇವೆ. ಗದ್ದೆ ಮಾಲೀಕರ ಮುಂದೆ ಒಂದು, ನಮ್ಮಪ್ಪನ ಮುಂದೆ ಒಂದು, ರೇಷನ್ ಸಾಲಿನಲ್ಲಿ ಒಂದು, ನಾಟಿ ಹಚ್ಚುವಾಗ ಹೆಂಗಸರ ನಡುವೆ ಒಂದು. ನಾಲ್ಕನೆಯದು ನಗುತ್ತದೆ, ಬೈಯುತ್ತದೆ, ಮಾಲೀಕರನ್ನೂ ಅಣಕಿಸುತ್ತದೆ. ನಾನು ಓದಿದ ಕತೆಗಳಲ್ಲಿ ಕೂಲಿ ಹೆಂಗಸರು ಮೊದಲನೆಯ ದನಿಯಲ್ಲಿ ಮಾತ್ರ ಮಾತಾಡುತ್ತಾರೆ. ಬರೆದವರು ಬದುವಿನ ಮೇಲೆ ನಿಂತು ಕೇಳಿರಬೇಕು. ಕೆಸರಿಗೆ ಇಳಿದವರಿಗೆ ಬೇರೆ ದನಿ ಕೇಳಿಸುತ್ತದೆ."

ಮೂರು ಸಲ ಓದಿದೆ. ಇಪ್ಪತ್ತಕ್ಕೆ ಹದಿನೆಂಟು ಹಾಕಿದೆ. ಆದರೆ ಟೆಸ್ಟಿನ ಕಟ್ಟು ಸಹಿಗೆ ಮೇಷ್ಟ್ರ ಮನೆಗೆ ಹೋಗಬೇಕು. ನೋಟ್ಸ್ ಬಿಟ್ಟು ಬರೆದವರಿಗೆ ಎಂಟು, ಅದು ವಿಭಾಗದ ಸಂಪ್ರದಾಯ.

ಮೇಷ್ಟ್ರು ಕಟ್ಟು ತಿರುವುತ್ತಾ ಅಲ್ಲಿಗೆ ಬಂದು ನಿಂತರು. ಎರಡು ಸಾಲು ನೋಡಿ ಸ್ಲೇಟಿನಲ್ಲಿ ಬರೆದರು: "ನೋಟ್ಸಿನಲ್ಲಿ ಇಲ್ಲ. 8."

"ಸಾರ್, ಪೂರ್ತಿ ಒಂದ್ಸಲ ಕೇಳ್ರಿ. ಓದ್ತೀನಿ."

ಕೈ ಬೀಸಿದರು, ಓದು ಅನ್ನುವ ಹಾಗೆ, ಬೇಕಾದರೆ ಅನ್ನುವ ಹಾಗೆ. ನನ್ನ ದನಿಯಲ್ಲಿ ಶುರು ಮಾಡಿದೆ. ಮೇಷ್ಟ್ರು ಕಿಟಕಿಯಿಂದ ಪಕ್ಕದ ಮನೆಯ ಆರ್‌ಸಿಸಿ ಕೆಲಸ ನೋಡತೊಡಗಿದರು. ಆಗ ನಾನು ಆ ಕೆಲಸ ಮಾಡಿದೆ. ಎರಡನೇ ವಾಕ್ಯದಿಂದ ಅವರ ದನಿಗೆ ಜಾರಿದೆ. "ನಮ್ಮವ್ವನಿಗೆ, ಕಾಮಾ, ನಾಲ್ಕು ದನಿ ಇವೆ, ಫುಲ್‌ಸ್ಟಾಪ್." ಮೇಷ್ಟ್ರ ಕತ್ತು ಈಕಡೆ ತಿರುಗಿತು. ಕಣ್ಣು ಮುಚ್ಚಿಕೊಂಡರು. ಪ್ರತಿ ಕಾಮಾಕ್ಕೆ ತಲೆ ಆಡಿಸಿದರು. ಕೆಸರಿಗೆ ಇಳಿದವರು ಬಂದಾಗ ಗಂಟಲ ಮೇಲೆ ಕೈ ಇಟ್ಟುಕೊಂಡರು. ಮುಗಿದ ಮೇಲೆ ಸಹಿ ಮಾಡಿ, ಹದಿನೆಂಟನ್ನು ಹಾಗೇ ಬಿಟ್ಟು, ಸ್ಲೇಟು ತಗೊಂಡರು.

"ಇದನ್ನು ನಾನು ಯಾವ ವರ್ಷ ಬರೆಸಿದ್ದು?"

ಸಾರ್, ಇದು ನಿಮ್ಮದಲ್ಲ ಅನ್ನಬೇಕಿತ್ತು. ಟೀಪಾಯಿಯ ಮೇಲೆ ಮುಂದಿನ ವರ್ಷದ ಪಟ್ಟಿಯ ಖಾಲಿ ಹಾಳೆ ಇತ್ತು, ಅದರ ಮೇಲೆ ಪೆನ್ನು. ನಾನು ಅಂದೆ, "ಹಳೇ ನೋಟ್ಸು ಇರಬೇಕು ಸಾರ್."

ಊರಲ್ಲಿ ಎಲ್ಲರನ್ನೂ ಆಡಿಕೊಳ್ಳುವವನು ನಾನು. ಆ ದಿನ ಬಸ್ಸಿನಲ್ಲಿ ಆಡಿಕೊಳ್ಳಲು ಯಾರೂ ಬೇಕಾಗಲಿಲ್ಲ. ಅಧಿಕಾರ ಎಂದರೆ ಏನು ಅಂತ ತಿಂಗಳುಗಟ್ಟಲೆ ಬರೆಸಿದ್ದೆ, ಅದು ಇಷ್ಟು ಮೆತ್ತಗಿನ ಸೋಫಾದ ಮೇಲೆ, ಕೈಗೆ ಟೀ ಕಪ್ಪು ಕೊಟ್ಟು ಕೆಲಸ ಮಾಡಿಸುತ್ತದೆ ಅಂತ ನೋಟ್ಸಿನಲ್ಲಿ ಇರಲಿಲ್ಲ. ಅವಳ ಅಂಕ ಉಳಿಸಿದೆ, ಅವಳ ಮಾತು ಕಳೆದೆ.

ಸೆಮಿಸ್ಟರ್ ಕೊನೆಗೆ ನಮ್ಮಲ್ಲಿ "ಇಂಪಾರ್ಟೆಂಟ್" ಬರೆಸುವ ಪದ್ಧತಿ. ಪರೀಕ್ಷೆಗೆ ಬರುವುದನ್ನು ಮಾತ್ರ ಒತ್ತಿ ಬರೆಸಬೇಕು. ಮೇಷ್ಟ್ರು ಹಾಳೆ ಕಳಿಸಿದರು, ಅವರದೇ ದುಂಡು ಅಕ್ಷರ. ಸ್ವಾತಂತ್ರ್ಯದ ವ್ಯಾಖ್ಯಾನದ ಕೆಳಗೆ ಆ ಹುಡುಗಿಯ ನಾಲ್ಕು ದನಿಯ ಮಾತು ಹೊಸದಾಗಿ ಸೇರಿತ್ತು. "ನಮ್ಮವ್ವ" ಹೋಗಿ "ಶ್ರಮಿಕ ಮಹಿಳೆ" ಆಗಿತ್ತು. ಅಣಕಿಸುವುದು ಹೋಗಿತ್ತು. ಬದು, ಕೆಸರು ಹಾಗೇ ಇದ್ದವು.

ಆ ದಿನ ಮೇಷ್ಟ್ರೂ ಬಂದರು. ಕತ್ತಿಗೆ ಮಫ್ಲರ್ ಸುತ್ತಿಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ಡಾಕ್ಟರು ಹೇಳಿದ ಮೂರು ತಿಂಗಳಿಗೆ ಇನ್ನೂ ಒಂದು ವಾರ ಇತ್ತು. ತನ್ನ ದನಿ ಕ್ಲಾಸಿನಲ್ಲಿ ಹೇಗೆ ಕೇಳಿಸುತ್ತದೆ ಅಂತ ನೋಡಲು ಬಂದ ಮನುಷ್ಯ ಜಗತ್ತಿನಲ್ಲಿ ಅವರೊಬ್ಬರೇ ಇರಬೇಕು.

ನಾನು ಕಿಟಕಿ ಕಡೆ ತಿರುಗಿದೆ. ಮುಂದೆ ಕಿಟಕಿಯ ಸರಳು, ಹಿಂದೆ ಮೇಷ್ಟ್ರ ಕನ್ನಡಕ, ನಡುವೆ ಎರಡನೇ ಬೆಂಚು. "ಸ್ವಾತಂತ್ರ್ಯವೆಂದರೆ, ಕಾಮಾ, ಎಲ್ಲರ ಮುಂದೆ ಒಂದೇ ದನಿಯಲ್ಲಿ ಮಾತಾಡಲು ಆಗುವುದು, ಫುಲ್‌ಸ್ಟಾಪ್. ಶ್ರಮಿಕ ಮಹಿಳೆಗೆ, ಕಾಮಾ, ನಾಲ್ಕು ದನಿ ಇವೆ..."

ಪೆನ್ನುಗಳ ಸರಸರ ಸದ್ದಿನಲ್ಲಿ ಒಂದು ಪೆನ್ನು ನಿಂತಿದ್ದು ನನಗೆ ಕೇಳಿಸಿತು. ತಿರುಗಿದೆ. ಅವಳು ಎದ್ದು ನಿಂತಿರಲಿಲ್ಲ, ಕೈ ಎತ್ತಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಪುಸ್ತಕದ ಮೇಲೆ ಇಟ್ಟಿದ್ದಳು. ಬಸ್ಸು ತಡ ಆದಾಗ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳಲ್ಲ, ಹಾಗೆ ನೋಡುತ್ತಿದ್ದಳು.

ನಿಲ್ಲಿಸಿ, ನನ್ನ ದನಿಯಲ್ಲಿ "ಇದು ಇವಳದು" ಅಂತ ಹೇಳಬಹುದಿತ್ತು. ಹೇಳಿದರೆ ಐವತ್ತೊಂಬತ್ತು ಪೆನ್ನು ಗಾಳಿಯಲ್ಲಿ ನಿಲ್ಲುತ್ತಿದ್ದವು, ಮೇಷ್ಟ್ರು ಸಿಟ್ಟಾಗುತ್ತಿದ್ದರು, ಸಂಜೆಗೆ ಮರೆತು ಹೋಗುತ್ತಿತ್ತು. ಆ ಕ್ಲಾಸಿನಲ್ಲಿ ಒಂದೇ ದನಿಗೆ ಕಿವಿ ಇದ್ದದ್ದು. ನಾನು ಮತ್ತೆ ಕಿಟಕಿ ಕಡೆ ತಿರುಗಿ, ಎದೆಯಿಂದ ತೆಗೆದು, ಮೂಗಿನಲ್ಲಿ ಕೂರಿಸಿ, ನಿಧಾನಕ್ಕೆ, ಎಲ್ಲರಿಗೂ ಬರೆಯಲು ಸಮಯ ಸಿಗುವ ಹಾಗೆ ಬರೆಸಿದೆ:

"ಈ ಮಾತು ನನ್ನದಲ್ಲ, ಕಾಮಾ, ಹಳೆಯ ನೋಟ್ಸಿನದೂ ಅಲ್ಲ, ಫುಲ್‌ಸ್ಟಾಪ್. ಇದನ್ನು ಬರೆದವಳು ಎರಡನೇ ಬೆಂಚಿನಲ್ಲಿ ಕೂತ ಕುಕ್ಕುವಾಡದ ವಿದ್ಯಾರ್ಥಿನಿ, ಫುಲ್‌ಸ್ಟಾಪ್. ಶ್ರಮಿಕ ಮಹಿಳೆ ಎಂಬುದನ್ನು ಹೊಡೆದು ಹಾಕಿ, ಕಾಮಾ, ನಮ್ಮವ್ವ ಎಂದು ಬರೆದುಕೊಳ್ಳತಕ್ಕದ್ದು. ಅಡಿಗೆರೆ ಹಾಕ್ರಿ."

ಬರೆದುಕೊಂಡರು. ಸ್ಕೇಲು ಹಿಡಿದು ಅಡಿಗೆರೆ ಹಾಕಿದರು. ಮುಂದಿನ ಬೆಂಚಿನವನು, "ಸಾರ್, ಎರಡನೇ ಬೆಂಚಿನಲ್ಲಿ, ಆಮೇಲೆ?" ಅಂತ ಕೇಳಿದ. ಮತ್ತೊಮ್ಮೆ ಹೇಳಿದೆ.

ಹಿಂದಿನ ಬೆಂಚು ಸದ್ದು ಮಾಡಿತು. ಮೇಷ್ಟ್ರು ಎದ್ದಿದ್ದರು. ಬಾಯಿ ತೆರೆದರು, ಜರಡಿಯಿಂದ ರವೆ ಇಳಿದ ಹಾಗೆ ಏನೋ ಸದ್ದು ಬಂತು, ಮಾತಾಗಲಿಲ್ಲ. ಇಡೀ ಕ್ಲಾಸು ಪೆನ್ನು ಹಿಡಿದು ಅವರ ಕಡೆ ತಿರುಗಿ ಕಾಯಿತು. ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಗೋಡೆಯ ಹತ್ತಿರ ಹೋಗಿ, ಫ್ಯಾನ್ ಸ್ವಲ್ಪ ಕಡಿಮೆ ಮಾಡಿ, ಹೊರಗೆ ನಡೆದರು.

ಆ ವಾರವೇ ಜೆರಾಕ್ಸ್ ಅಂಗಡಿಗೆ ಇಂಪಾರ್ಟೆಂಟ್ ಬಂತು. ಹೋಗಿ ನೋಡಿದೆ. ಎಲ್ಲಾ ಇತ್ತು, "ಎರಡನೇ ಬೆಂಚಿನಲ್ಲಿ, ಆಮೇಲೆ" ಅನ್ನುವುದೂ ಇತ್ತು. ಇನ್ನು ಎಷ್ಟು ವರ್ಷ ಯಾರು ಯಾರು ಅದನ್ನು ಪರೀಕ್ಷೆಯಲ್ಲಿ ಬರೆಯುತ್ತಾರೋ, ಯಾರು ಯಾರು ರೈಟ್ ಹಾಕುತ್ತಾರೋ. ಮುಂದಿನ ವರ್ಷದ ಪಟ್ಟಿ ಮಾತ್ರ ಇನ್ನೂ ಬಂದಿಲ್ಲ. ಮೇಷ್ಟ್ರ ದನಿ ಸ್ವಲ್ಪ ವಾಪಸ್ ಬಂದಿದೆ ಅಂತ ಕೇಳಿದ್ದೇನೆ. ಮೊದಲಿನ ಹಾಗಿಲ್ಲವಂತೆ. ಕೆಲವರು ನಂದೇ ಚೆನ್ನಾಗಿತ್ತು ಅನ್ನುತ್ತಾರೆ. ನನಗೆ ಭಯವಾಗುವುದು ಆ ಮಾತಿಗೆ.

ಇಂಪಾರ್ಟೆಂಟ್ ಬರೆಸಿದ ಆ ದಿನ, ಕ್ಲಾಸು ಮುಗಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಿದಳು. ಅವಳ ಬಸ್ಸು ತಡ ಇತ್ತು, ನನ್ನದು ಬಂದು ನಿಂತಿತ್ತು.

"ಸಾರ್, ಅದನ್ನೂ ಅವರ ದನಿಯಾಗ ಯಾಕ ಹೇಳಿದ್ರಿ?"

"ನನ್ನ ದನಿಯಾಗ ಹೇಳಿದ್ರೆ ಯಾರು ಬರ್ಕೊಂತಿದ್ರು ಹೇಳು."

"ಯಾಕ, ನಾನಿಲ್ವಾ" ಅಂದಳು. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಮೊದಲನೇ ಪುಟ ಬಿಡಿಸಿ ಕೊಟ್ಟಳು. ಮೊದಲ ದಿನದ ಕ್ಲಾಸು. ಕನ್ನಡಿ, ಮೊಳೆ, ಅಮ್ಮಿಯ ಬೈತಲೆ. ನಮ್ಮ ಕಾಲೇಜಿನ ಶಿಸ್ತಿಗೆ ತಕ್ಕಂತೆ ಒಂದಕ್ಷರ ಬಿಟ್ಟಿರಲಿಲ್ಲ: "ಅಂದ್ರೆ, ಅಂದ್ರೆ, ಏನಪ್ಪಾ ಅಂದ್ರೆ, ಸಾರ್ ಕಿವಿ ಕೆರ್ಕೊಂತಾರೆ, ದೊಡ್ಡವರ ದನಿ ತೆಗೆಯೋದು ಸಲೀಸು, ಅಂದ್ರೆ, ತಡೀರಿ ನೆನಪಾಗ್ತಿಲ್ಲ, ಹಾಂ."

"ಫೋಟೋ ತಗೋತೀನಿ" ಅಂದೆ.

"ತಗೋರಿ. ಕಾಮಾ ಹಾಕಿದ್ದು ನಾನು. ನೀವು ಹೇಳಿರ್ಲಿಲ್ಲ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮೊಬೈಲು ತೆಗೆದು, ಆ ಪುಟವನ್ನು ಬರೆದಿದ್ದ ಹಾಗೇ ಓದಲು ನೋಡಿದೆ. ಅಂದ್ರೆ, ಅಂದ್ರೆ, ಏನಪ್ಪಾ ಅಂದ್ರೆ. ಒಂದು ಸಲ ಅಬ್ಬಾ ಬಂದರು, ಒಂದು ಸಲ ಕೌನ್ಸಿಲರ್ ಸಾಹೇಬರು ಬಂದರು. ಕಿವಿ ಕೆರೆದುಕೊಂಡೂ ನೋಡಿದೆ. ಊರಲ್ಲಿರುವವರದೆಲ್ಲ ಬರುತ್ತದೆ ನನಗೆ. ಆ ಪುಟದಲ್ಲಿದ್ದ ಅವನೊಬ್ಬನದು ಬರಲಿಲ್ಲ.

ಕಂಡಕ್ಟರ್ ಬಂದು ಕೈ ಒಡ್ಡಿದ. "ಎಲ್ಲಿಗ್ರಿ?"

"ಹರಿಹರ, ಕಾಮಾ, ಒಂದು" ಅಂದೆ.